ಸಂಕ ದಾಟಿದೆ

ಮೊನ್ನೆ ಭಾನುವಾರ ಮನೆ ಕೆಳಗಿನ ಸಂಕವನ್ನು ಒಬ್ಬಳೇ ದಾಟಿದೆ. ಹಳ್ಳದ ಮೇಲೆ ಎರಡು ಅಡಿಕೆ ಮರ ಹಾಸಿದ ಸಂಕ, ಆಚೆಗೆ ನಮ್ಮ ತೋಟ. ಮದುವೆಯಾಗಿ ಬಂದಾಗಿನಿಂದ ಸೊಪ್ಪಿನ ಹೊರೆ ಹೊತ್ತು ಓಡಾಡಿದ್ದೇ. ಈ ಸಲ ಮಾತ್ರ ನಾಲ್ಕು ತಿಂಗಳು ಬೇಕಾಯಿತು.

ತಲೆಸುತ್ತು ಶುರುವಾಗಿದ್ದು ಬೆಳಗಿನ ಜಾವ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ, ಅಷ್ಟೇ. ಮುಚ್ಚಿಗೆ ಬುಗುರಿಯಂತೆ ತಿರುಗಿತು. ಅರ್ಧ ನಿಮಿಷಕ್ಕೆ ನಿಂತಿತು, ಎದ್ದರೆ ಮತ್ತೆ. ಎಲ್ಲರೂ ಪಿತ್ತ ಎಂದರು. ಜೀರಿಗೆ ಕಷಾಯ, ಮುರುಗಲ ಪಾನಕ ಎಲ್ಲ ಆಯಿತು. ಒಂದು ಕಡೆ ಕೊಟ್ಟ ಮಾತ್ರೆ ನುಂಗಿ ದಿನವಿಡೀ ತೂಕಡಿಸಿದೆ. ಮುಚ್ಚಿಗೆ ತಿರುಗುತ್ತಲೇ ಇತ್ತು.

ಮಗಳು ಹಠ ಹಿಡಿದು ಕಾರವಾರಕ್ಕೆ ಹೊರಡಿಸಿದಳು. ದೇವಿಮನೆ ಘಟ್ಟದಲ್ಲಿ ನನ್ನ ಅವಸ್ಥೆ ಕೇಳಬೇಡಿ. ಮುಂದಿನ ಸೀಟು ಬಿಡಿಸಿಕೊಟ್ಟು, ಯಾರದೋ ಚೀಲದಿಂದ ಲಿಂಬೆಹಣ್ಣು ಹುಡುಕಿ ತಂದ ಕಂಡಕ್ಟರ್ ಅಣ್ಣನಿಗೆ ಮೊದಲ ನಮಸ್ಕಾರ.

ಕಿವಿ ಡಾಕ್ಟರಮ್ಮ ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ, ತಟ್ಟನೆ ಮಲಗಿಸಿ, ಕಣ್ಣನ್ನೇ ನೋಡಿದರು. ಗುಡ್ಡೆ ಕುಣಿಯುತ್ತಿತ್ತಂತೆ. ಬಿಪಿಪಿವಿ, ಅಂದರೆ ತಲೆ ಹೊರಳಿಸಿದಾಗ ಬರುವ ತಲೆಸುತ್ತು ಎಂದರು. ಒಳಗಿವಿಯಲ್ಲಿ ಸಣ್ಣ ಹರಳುಗಳಿರುತ್ತವೆ, ಬಳಚಿನ ಚಿಪ್ಪು ಆಗಿರುವುದೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಅವು ಜಾಗ ತಪ್ಪಿ ಪಕ್ಕದ ಬಾಗಿದ ಕೊಳವೆಗೆ ಇಳಿದರೆ, ತಲೆ ಹೊರಳಿಸಿದಾಗೆಲ್ಲ ಒಳಗಿನ ದ್ರವ ಕದಡುತ್ತದೆ. ಮಿದುಳಿಗೆ ಲೋಕವೇ ಸುತ್ತಿದಂತೆ ಸುದ್ದಿ ಹೋಗುತ್ತದೆ. ಹರಳು ಮಾತ್ರೆಗೆ ಕರಗುವುದಿಲ್ಲ, ಅದನ್ನು ಉರುಳಿಸಿಯೇ ತರಬೇಕು.

ಉರುಳಿಸಿದರು. ಅಮೆರಿಕದ ಡಾಕ್ಟರ್ ಎಪ್ಲೆಯವರ ವಿಧಾನವಂತೆ. ತಲೆ ಮಂಚದಂಚಿಗೆ ಇಳಿಬಿಟ್ಟು, ಎಡಕ್ಕೆ ತಿರುಗಿಸಿ, ಆಮೇಲೆ ಮೈಯನ್ನೂ ಹೊರಳಿಸಿ ಮೂಗು ನೆಲಕ್ಕೆ ಮಾಡಿ, ಕೊನೆಗೆ ಎಬ್ಬಿಸಿ ಕೂರಿಸುವುದು. ಐದು ನಿಮಿಷವೂ ಆಗಲಿಲ್ಲ. ನಾನು ಕಿರುಚಿದೆ, ಅವರ ಕೋಟಿನ ಮೇಲೆ ವಾಂತಿಯನ್ನೂ ಮಾಡಿದೆ. ಅವರು ತಲೆ ಬಿಡಲಿಲ್ಲ. "ನಿಲ್ಲುತ್ತೆ, ಕಾಯೋಣ" ಎಂದರು. ಡಾಕ್ಟರಮ್ಮ, ಆ ಕೋಟಿನ ವಿಷಯಕ್ಕೆ ಕ್ಷಮೆಯೂ ಇರಲಿ. ವಾರ ಬಿಟ್ಟು ಇನ್ನೊಮ್ಮೆ ಮಾಡಿದ ಮೇಲೆ ಸುತ್ತು ನಿಂತಿತು. ಮತ್ತೆ ಬರಲೂಬಹುದು ಎಂದಿದ್ದಾರೆ. ಬರಲಿ, ದಾರಿ ಗೊತ್ತು.

ಒಂದು ಮಾತು ಅವರು ಎರಡು ಸಲ ಹೇಳಿದ್ದರು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಕಷಾಯ ಕುದಿಸುತ್ತಾ ಕೂರಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ.

ಸುತ್ತು ಹೋದರೂ ಕಾಲಿಗೆ ಧೈರ್ಯ ಇರಲಿಲ್ಲ. ಶಿರಸಿಯ ಫಿಸಿಯೋಥೆರಪಿ ಹುಡುಗಿ ಅಂಗಳದಲ್ಲಿ ರಂಗೋಲಿ ಗೆರೆ ಎಳೆಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿದಳು. ಗೋಡೆಯ ಚುಕ್ಕಿ ನೋಡುತ್ತಾ ತಲೆ ಆಡಿಸುವ ಅಭ್ಯಾಸವನ್ನೂ ಕೊಟ್ಟಳು. ಪಕ್ಕದ ಮನೆ ಮಕ್ಕಳಿಗೆ ಅದು ಆಟವಾಯಿತು. ಅವರು ನನ್ನ ಹಿಂದೆ ಸಾಲಾಗಿ ನಡೆಯದಿದ್ದರೆ ನಾನು ಮೂರನೇ ದಿನಕ್ಕೇ ಬಿಡುತ್ತಿದ್ದೆ.

ಇನ್ನು ನಮ್ಮನೆಯವರು. ಭಾನುವಾರ ನಾನು ಸಂಕಕ್ಕೆ ಕಾಲಿಟ್ಟಾಗ ಅವರು ಕೆಳಗೆ ಹಳ್ಳದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದರು. ಏನು ಮಾಡ್ತಾ ಇದ್ದೀರಿ ಅಂದರೆ, ಕತ್ತಿ ಬಿದ್ದುಹೋಯಿತು, ಹುಡುಕುತ್ತಿದ್ದೇನೆ ಎಂದರು. ಕತ್ತಿ ಅವರ ಸೊಂಟದಲ್ಲೇ ಇತ್ತು.