ಕೂದಲು ಪಾಚಿ ಬಂದವರ ಗಮನಕ್ಕೆ

ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಹಸಿರು ಕೂದಲು ಪಾಚಿ ಬಂತೆಂದು ಹಲವರು ಫೋಟೋ ಹಾಕಿದ್ದೀರಿ. ದಯವಿಟ್ಟು ಗಾಬರಿಯಲ್ಲಿ ಔಷಧಿ ಸುರಿಯಬೇಡಿ. ಮೊದಲು ಉಪ್ಪು ಬೆರೆಸುವ ಮುಂಚಿನ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) ನೋಡಿ, ಸೊನ್ನೆ ಇರಬೇಕು. ಕುಡಿಯುವ ಆರ್‌ಒ ನೀರು ಸಾಲದು, ಆರ್‌ಒ ಬಿಟ್ಟ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಬೇಕೇ ಬೇಕು.

ಪಾಚಿಯನ್ನು ಕೈಯಿಂದಲೇ ಕೀಳಿ. ಹೊಸ ಹಲ್ಲುಜ್ಜುವ ಬ್ರಷ್ಷನ್ನು ಸೈಫನ್ ಪೈಪಿನ ಬಾಯಿಗೆ ಕಟ್ಟಿ ಕಲ್ಲು ಉಜ್ಜಿದರೆ, ಕಿತ್ತ ಎಳೆಗಳು ಟ್ಯಾಂಕಿನಲ್ಲಿ ಹರಡದೆ ಸೀದಾ ಬಕೆಟ್‌ಗೆ ಬರುತ್ತವೆ. ಉಳಿದ ಗಿಡ್ಡ ಪಾಚಿಯನ್ನು ಟರ್ಬೊ ಬಸವನಹುಳು ಮೇಯುತ್ತದೆ.

ಟೆಸ್ಟ್‌ನಲ್ಲಿ ಪಾಚಿಯ ಆಹಾರವಾದ ಫಾಸ್ಫೇಟ್ ಕಡಿಮೆ ಬಂತೆಂದು ನಂಬಬೇಡಿ, ಪಾಚಿಯೇ ಅದನ್ನು ಹೀರಿಕೊಂಡಿರಬಹುದು ಅಲ್ವಾ? ಹಾಗಂತ ಪೂರ್ತಿ ಸೊನ್ನೆಗೂ ಇಳಿಸಬೇಡಿ. ಹವಳಕ್ಕೂ ಅದು ಬೇಕು, 0.03ರಿಂದ 0.1 ಪಿಪಿಎಂ ಒಳಗಿರಲಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕಿಗೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಲೋಳೆಯಂಥ ಸೂಕ್ಷ್ಮಜೀವಿ) ಬರುವ ಭಯ ಜಾಸ್ತಿ. ಅದರ ಕಾಟ ಕೂದಲು ಪಾಚಿಗಿಂತ ಕಷ್ಟ.