ವರ್ಷದ ನಡುವೆ ಬರುವ ಮಕ್ಕಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ತರಗತಿ ನಾಯಕರ ಆಯ್ಕೆಯ ನಂತರ ನಿಮ್ಮಲ್ಲಿ ಕೆಲವರು ನನ್ನನ್ನು ಕಂಡು, ಸೇನೆಯಲ್ಲಿರುವವರ ಮಕ್ಕಳು ಹೇಗೂ ವರ್ಷದ ನಡುವೆ ಹೊರಟುಹೋಗುವವರಾದ್ದರಿಂದ ಅಂಥ ಹೊಣೆಯನ್ನು ಅವರಿಗೆ ವಹಿಸದಿರುವುದೇ ಮೇಲಲ್ಲವೇ ಎಂದು ಕೇಳಿದ್ದೀರಿ. ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಆ ಮಾತನ್ನು ನಾನು ಒಪ್ಪಲಾರೆ. ಎರಡು ಮೂರು ವರ್ಷಕ್ಕೊಮ್ಮೆ ಶಾಲೆ ಬದಲಿಸುವ ಮಗುವಿನ ವಿಷಯದಲ್ಲಿ ಪ್ರತಿಯೊಂದು ಶಾಲೆಯೂ ಹೀಗೆಯೇ ಯೋಚಿಸಿದರೆ, ಅದು ಎಲ್ಲಿಯೂ ಯಾವ ಹೊಣೆಯನ್ನೂ ಹೊರದೆ ಬೆಳೆದುಬಿಡುತ್ತದೆ.

ಪಾಠದ ತೊಡಕು ಎಲ್ಲರಿಗೂ ಗೊತ್ತಿರುವಂಥದ್ದೇ. ಭಾರತದಲ್ಲಿ 1963ರಲ್ಲಿ ಕೇಂದ್ರೀಯ ಶಾಲೆಗಳು ಆರಂಭವಾದದ್ದೇ ವರ್ಗಾವಣೆಯಾಗುವ ನೌಕರರ ಮಕ್ಕಳಿಗೆ ಎಲ್ಲಿ ಹೋದರೂ ಒಂದೇ ಪಠ್ಯಕ್ರಮ ಸಿಗಲೆಂದು. ಮೊದಲಿಗೆ ಆ ವ್ಯವಸ್ಥೆಗೆ ಸೇರಿದ್ದು ಸೇನೆಯ ರೆಜಿಮೆಂಟುಗಳ 20 ಶಾಲೆಗಳು. ಅಮೆರಿಕದಲ್ಲಿ 1986ರಿಂದ ಏಪ್ರಿಲ್ ತಿಂಗಳನ್ನು ಸೇನೆಯಲ್ಲಿರುವವರ ಮಕ್ಕಳ ಹೆಸರಿನಲ್ಲಿ ಆಚರಿಸುತ್ತಾರೆ. ಆಚರಣೆಗಿಂತ ಪಠ್ಯಕ್ರಮದ ದಾರಿಯೇ ಉಪಯುಕ್ತವೆಂದು ನನ್ನ ಅಭಿಪ್ರಾಯ. ಅದಿಲ್ಲದ ನಮ್ಮಂಥ ಶಾಲೆಗಳಲ್ಲಿ ಆಗುವುದೇನೆಂದರೆ, ಬಿಟ್ಟುಬಂದ ಶಾಲೆಯಲ್ಲಿ ಭಿನ್ನರಾಶಿ ಇನ್ನೂ ಶುರುವಾಗಿರುವುದಿಲ್ಲ, ಇಲ್ಲಿ ಅದಾಗಲೇ ಮುಗಿದಿರುತ್ತದೆ. ನಡುವೆ ಬಂದ ಮಗು ತನ್ನದಲ್ಲದ ತಪ್ಪಿಗೆ ಗಣಿತದಲ್ಲಿ ಹಿಂದುಳಿದವನೆನಿಸಿಕೊಳ್ಳುತ್ತದೆ. ಇದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಹಳೆಯ ನೋಟ್‌ಬುಕ್ಕುಗಳಲ್ಲಿ ಕಾಣುತ್ತದೆ. ಹಾಗಾಗಿ ಸೇರಿಸಲು ಬರುವಾಗ ದಯವಿಟ್ಟು ಅವುಗಳನ್ನೂ ತನ್ನಿ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕಳೆದ ವರ್ಷ ನಡುವೆ ಸೇರಿದ ಹುಡುಗನೊಬ್ಬನನ್ನು, ಖಾಲಿ ಇದ್ದದ್ದು ಅದೊಂದೇ ಎಂಬ ಕಾರಣಕ್ಕೆ ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆವು. ಅವನು ಪುಸ್ತಕಗಳನ್ನು ಡೆಸ್ಕಿನೊಳಗೆ ಇಡುತ್ತಲೇ ಇರಲಿಲ್ಲ. ಚೀಲದ ಜಿಪ್ ಎಳೆದು ತೊಡೆಯ ಮೇಲೇ ಇಟ್ಟುಕೊಂಡಿರುತ್ತಿದ್ದ. ‘ನಿಮ್ಮೂರು ಯಾವುದಪ್ಪಾ?’ ಎಂದು ನಾನೊಮ್ಮೆ ಕೇಳಿದಾಗ, ‘ನಾನು ಹುಟ್ಟಿದ್ದಾ ಸರ್, ಈಗ ಇರೋದಾ, ಅಪ್ಪ ಇರೋದಾ?’ ಎಂದು ತಿರುಗಿ ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಅವನ ತಂದೆ ಆಗ ಕುಟುಂಬವನ್ನು ಕರೆದೊಯ್ಯಲಾಗದ ಕಡೆ ಇದ್ದರು. ಹೊರಡುವ ದಿನದವರೆಗೂ ಅವನು ಅದೇ ಬೆಂಚಿನಲ್ಲಿ ಉಳಿದದ್ದು ನಮ್ಮ ತಪ್ಪು, ಮುಖ್ಯವಾಗಿ ನನ್ನದು. ಈ ವರ್ಷದಿಂದ ಹೊಸ ಮಗುವನ್ನು ಮೊದಲ ಎರಡು ಸಾಲುಗಳಲ್ಲೇ ಕೂರಿಸಿ, ಒಂದು ತಿಂಗಳು ಸಹಪಾಠಿಯೊಬ್ಬರನ್ನು ಜೊತೆಗಿರಿಸುತ್ತೇವೆ. ಊರು ಯಾವುದೆಂದು ಎಲ್ಲರ ಮುಂದೆ ಕೇಳುವುದನ್ನೂ ಬಿಟ್ಟಿದ್ದೇವೆ.

ಸೇನೆಯಲ್ಲಿರುವ ಪೋಷಕರಲ್ಲಿ ಒಂದು ಕೋರಿಕೆ: ವರ್ಗಾವಣೆಯ ಆದೇಶ ಬಂದ ಕೂಡಲೇ ಮಗುವಿಗೂ ನಮಗೂ ತಿಳಿಸಿರಿ. ನಿಮ್ಮಲ್ಲೊಬ್ಬರು ಮನೆಯವರನ್ನು ಬಿಟ್ಟು ಹೋಗಬೇಕಾದಾಗ, ಎಲ್ಲಿಗೆಂದು ಹೇಳಬೇಕಿಲ್ಲ, ಹೋಗಿದ್ದಾರೆಂದು ತರಗತಿ ಶಿಕ್ಷಕರಿಗೆ ಗೊತ್ತಿದ್ದರೆ ಸಾಕು. ಆ ದಿನಗಳಲ್ಲಿ ಮನೆಪಾಠ ಬರೆಯದೆ ಬಂದ ಮಗುವನ್ನು ಗದರಿಸುವ ಮೊದಲು ಅವರು ಒಂದು ಕ್ಷಣ ಯೋಚಿಸಿಯಾರು. ಉಳಿದ ಪೋಷಕರು ‘ಅವರು ಹೇಗೂ ಹೋಗುವವರು’ ಎಂಬ ಮಾತನ್ನು ಮಕ್ಕಳೆದುರು ಆಡದಿರಬೇಕೆಂದು ವಿನಂತಿಸುತ್ತೇನೆ.

ಆಯ್ಕೆಯಾದ ನಾಯಕಿಯೇ ಮುಂದುವರಿಯುತ್ತಾಳೆ. ನಡುವೆ ಹೊರಡಬೇಕಾಗಿ ಬಂದರೆ, ಕಡೆಯ ವಾರದಲ್ಲಿ ಉಪನಾಯಕನಿಗೆ ಕೆಲಸ ಕಲಿಸಿ ಒಪ್ಪಿಸುವುದನ್ನೂ ಅವಳೇ ಮಾಡುತ್ತಾಳೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು