ಸಂಕಕ್ಕೊಂದು ನಂಬರು, ನಂಬರಿಗೊಂದು ಪುಟ: ಜಿಲ್ಲಾ ಪಂಚಾಯಿತಿಗೆ ಬಹಿರಂಗ ಪತ್ರ

ಮಾನ್ಯ ಶಿವಮೊಗ್ಗ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹಳ್ಳದಾಚೆಯ ಮನೆಗಳವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಬೆಳಿಗ್ಗೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವತ್ತು ಸಂಕ (ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಾಲುಸೇತುವೆ) ದಾಟಬಹುದಾ? ಉತ್ತರ ಊರಲ್ಲಿ ಯಾರಿಗಾದರೂ ಗೊತ್ತೇ ಇರುತ್ತದೆ. ಡೇರಿಗೆ ಹಾಲು ಹಾಕಲು ಹೋದವರು ನೋಡಿರುತ್ತಾರೆ, ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಿರುತ್ತಾರೆ. ಮಧ್ಯಾಹ್ನದೊಳಗೆ ಆ ಫೋಟೊ ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಗುಂಪಿನಲ್ಲಿ ಇಲ್ಲದ ಶಾಲೆಯ ಮೇಷ್ಟರಿಗೆ ಅದು ತಲುಪುವುದೇ ಇಲ್ಲ.

ಹೋಟೆಲು, ಲಾಡ್ಜುಗಳಿಗೆ ಜನ ಅಭಿಪ್ರಾಯ ಬರೆಯುವ ಜಾಲತಾಣಗಳಂಥದ್ದೇ ಒಂದು ಸರಳ ತಾಣವನ್ನು ನಮ್ಮ ಕಾಲುಸಂಕಗಳಿಗೆ ಮಾಡಿಸಿ ಎಂಬುದು ನಮ್ಮ ಕೋರಿಕೆ. ಆದರೆ ಹೋಟೆಲಿನ ನಿಯಮಗಳನ್ನು ಹಾಗೇ ಎತ್ತಿ ತರಬಾರದು. ಐದು ನಕ್ಷತ್ರದ ಸರಾಸರಿ ಇಲ್ಲಿ ಅಪಾಯ. ಮಾರ್ಚ್‌ನಲ್ಲಿ ನಾಲ್ಕೂವರೆ ಅಂಕ ಪಡೆದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕ ಜುಲೈನಲ್ಲಿ ಕೊಚ್ಚಿಹೋಗಿರುತ್ತದೆ. ಸರಾಸರಿ ಮಾತ್ರ ನಾಲ್ಕರ ಮೇಲೇ ನಿಂತಿರುತ್ತದೆ. ಪುಟದಲ್ಲಿ ಎದ್ದು ಕಾಣಬೇಕಾದ್ದು ಕೊನೆಯ ಸಲ ನೋಡಿದವರು ಹೇಳಿದ್ದೇನು, ಎಷ್ಟು ಗಂಟೆಗೆ ಎಂಬುದು.

ಮೊದಲ ಕೆಲಸ ನಂಬರು ಕೊಡುವುದು. 'ಹಳ್ಳದ ಸಂಕ' ಎಂಬ ಹೆಸರು ಊರೂರಿಗೂ ಇದೆ, ಆದ್ದರಿಂದ ಹೆಸರು ನಂಬಿದರೆ ಕೆಡುತ್ತದೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಿಜ. ಆದರೆ ದಟ್ಟ ಮರಗಳ ಕೆಳಗೆ ಅದು ಹತ್ತಾರು ಮೀಟರ್ ಆಚೀಚೆ ತೋರಿಸುವುದುಂಟು, ಒಂದೇ ಹಳ್ಳಕ್ಕೆ ಎರಡು ಸಂಕವಿದ್ದರೆ ಗೊಂದಲ. ಎರಡೂ ದಡದಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ತಗಡಿಗೆ ಅಂಕಿ ಕೊರೆಸಿ ಹೊಡೆಸಿ. ಬರೀ ಬಣ್ಣದಲ್ಲಿ ಬರೆದದ್ದು ಹಸಿ ಮರದ ಮೇಲೆ ನಿಲ್ಲುವುದಿಲ್ಲ. ಕ್ಯೂಆರ್ ಚೀಟಿ ಅಂಟಿಸಿದರೆ ಒಂದೇ ಮಳೆಗಾಲಕ್ಕೆ ಹಾವಸೆ ಹಿಡಿದು ಕ್ಯಾಮೆರಾಗೆ ಓದಲು ಬಾರದು.

ಎರಡನೆಯದು ಎಸ್ಎಂಎಸ್. ಡೇಟಾ ಸಿಗದ ಕಡೆ ಎಷ್ಟೋ ಸಲ ಎಸ್ಎಂಎಸ್ ಹೋಗುತ್ತದೆ. ಕನ್ನಡ ಅಕ್ಷರದಲ್ಲಿ ಒಂದು ಸಂದೇಶಕ್ಕೆ 70 ಚಿಹ್ನೆ ಮಾತ್ರ ಹಿಡಿಸುವುದರಿಂದ, ಮಳೆಯಲ್ಲಿ ಒದ್ದೆ ಬೆರಳಿನಿಂದ ಟೈಪ್ ಮಾಡುವುದು ಕಷ್ಟವಾದ್ದರಿಂದ, ಅಂಕಿ ಸಾಕು. '14 3' ಎಂದು ಕಳಿಸಿದರೆ 14ನೇ ಸಂಕ ದಾಟಬೇಡಿ ಎಂದರ್ಥ. 1 ಎಂದರೆ ಸಲೀಸು. 2 ಎಂದರೆ ದಬ್ಬೆ ಜಾರುತ್ತಿದೆ ಅಥವಾ ಕೈಗೆ ಹಿಡಿಯುವ ಗಳ ಕಿತ್ತಿದೆ, ದೊಡ್ಡವರು ಜೊತೆಗಿದ್ದರೆ ಮಾತ್ರ ದಾಟಿ. ಇದನ್ನು ಸ್ವೀಕರಿಸಲು ಕಚೇರಿಯಲ್ಲಿ ಸಿಮ್ ಹಾಕಿದ ಒಂದು ಆಂಡ್ರಾಯ್ಡ್ ಫೋನ್ ಸಾಕು, ಚಾರ್ಜರ್‌ಗೆ ಯುಪಿಎಸ್ ಇರಲಿ. ಇಂಟರ್ನೆಟ್ ಇದ್ದವರು ಫೋಟೊ ಹಾಕಲಿ, ಆದರೆ ಕಳಿಸುವ ಮೊದಲೇ ಫೋನಿನಲ್ಲೇ ಚಿತ್ರ ಕುಗ್ಗಬೇಕು. 4 ಎಂಬಿ ಫೋಟೊ ಇಲ್ಲಿನ ನೆಟ್‌ವರ್ಕ್‌ನಲ್ಲಿ ಸುತ್ತುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಬಣ್ಣದ್ದು. ತಪ್ಪಾಗಿ '3' ಬಂದರೆ ಒಬ್ಬರಿಗೆ ಎರಡು ಮೈಲಿ ಸುತ್ತು. ತಪ್ಪಾಗಿ '1' ಬಂದರೆ ಜೀವ ಹೋಗಬಹುದು. ಹಾಗಾಗಿ ಒಬ್ಬರ '3' ಬಂದ ಕೂಡಲೇ ಪುಟ ಕೆಂಪಾಗಬೇಕು. ಮತ್ತೆ ಹಸಿರಾಗಲು ಬೇರೆ ಬೇರೆ ಎರಡು ಫೋನಿನಿಂದ '1' ಬರಬೇಕು. ಎರಡೇ ಮನೆಯ ಕಡೆ ಇದು ಕಷ್ಟ. ಅಲ್ಲಿ ಎರಡನೆಯ ಮಾತು ಆಶಾ ಕಾರ್ಯಕರ್ತೆಯದೋ ಮೇಷ್ಟರದೋ ಆಗಲಿ. ಮಳೆಗಾಲದಲ್ಲಿ ಹಸಿರಿಗೆ ಒಂದೇ ದಿನದ ಆಯಸ್ಸು, ಆಮೇಲೆ ತಾನಾಗಿ ಬೂದು. ಸುದ್ದಿ ಬಾರದ ಸಂಕವನ್ನು ಸುರಕ್ಷಿತವೆಂದು ಎಂದೂ ತೋರಿಸಬಾರದು.

ಕೆಡುವ ದಾರಿಗಳೂ ಇವೆ. ಇಡೀ ಜಿಲ್ಲೆಗೆ ಒಟ್ಟಿಗೆ ಶುರು ಮಾಡಿದರೆ ಪುಟಗಳೆಲ್ಲ ಖಾಲಿ ಇರುತ್ತವೆ, ಖಾಲಿ ಪುಟ ನೋಡಿದವರು ಎರಡನೇ ಸಲ ಬರುವುದಿಲ್ಲ. ಒಂದು ಹೋಬಳಿ ಸಾಕು. ಪಂಚಾಯಿತಿ ಜಗಳ ಬರಹಕ್ಕೆ ಇಳಿಯುವುದೂ ಖಂಡಿತ: ಸಂಕದ ಬಗ್ಗೆ ಬರೆದದ್ದು ಉಳಿಯಲಿ, ಸದಸ್ಯರ ಅಥವಾ ಗುತ್ತಿಗೆದಾರರ ಹೆಸರಿದ್ದರೆ ತೆಗೆಯಿರಿ. ಬರೆದವರ ಫೋನ್ ನಂಬರು ಹೊರಗೆ ಕಾಣಬಾರದು.

ಬ್ರಿಟನ್ನಿನಲ್ಲಿ 2007ರಿಂದ ನಡೆಯುತ್ತಿರುವ ಫಿಕ್ಸ್‌ಮೈಸ್ಟ್ರೀಟ್ ತಾಣದಲ್ಲಿ ರಸ್ತೆಗುಂಡಿಯ ದೂರು ಕೊಟ್ಟವರನ್ನು ನಾಲ್ಕು ವಾರದ ನಂತರ 'ಸರಿಯಾಯಿತೇ?' ಎಂದು ಕೇಳುತ್ತಾರೆ. ಅದರ ತಂತ್ರಾಂಶ ಮುಕ್ತವಾಗಿದೆ, ಯಾರು ಬೇಕಾದರೂ ಬಳಸಬಹುದು. ಆ ಪ್ರಶ್ನೆ ನಮ್ಮಲ್ಲೂ ಇರಲಿ, ಆದರೆ ನಾಲ್ಕು ದಿನಕ್ಕೆ. ಒಂದು ಮಳೆಗಾಲ ಕಳೆದರೆ ಯಾವ ಸಂಕ ಎಷ್ಟು ದಿನ ಕೆಂಪಾಗಿತ್ತು ಎಂಬ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಕಾಯಂ ಕಿರುಸೇತುವೆ ಮೊದಲು ಎಲ್ಲಿಗೆ ಎಂದು ತೀರ್ಮಾನಿಸಲು ಶಿಫಾರಸು ಪತ್ರಕ್ಕಿಂತ ಅದು ಮೇಲು.

ತಗಡು ಹೊಡೆಯುವ ಕೆಲಸ ಮೇ ಕೊನೆಯೊಳಗೆ ಮುಗಿಯಬೇಕು. ಪ್ರತಿ ಪುಟದಲ್ಲೂ ಉತ್ತರದ ಜಾಗವೊಂದಿರಲಿ, ಅಲ್ಲಿ ಬರೆಯುವ ಹೊಣೆ ಆಯಾ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರದೆಂದು ತಾವು ಲಿಖಿತ ಆದೇಶ ಕೊಡಬೇಕೆಂದು ಕೋರುತ್ತೇವೆ.

ಇಂತಿ,
ಮಲೆನಾಡಿನ ಕೆಲವು ತಂತ್ರಾಂಶ ಕೆಲಸಗಾರರು